ಮೂರು ಬಗೆಯ ಯಂತ್ರಗಳಲ್ಲಿ ಪಾಥ್ ನಿರ್ವಹಣೆ: ಅನುಭವ ತಿಳಿಸಿ

ಕುಂಬಳೆ: ನಾನು ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಕ. ಶಾಲೆಯಲ್ಲಿ ಕೇರಳದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಲಿನಕ್ಸ್, ಮನೆಯಲ್ಲಿ ವಿಂಡೋಸ್, ಮಗಳ ಬಳಿ ಮ್ಯಾಕ್ ಇವೆ. ಹಳೆಯ ಪುಟಗಳ ಚಿತ್ರವನ್ನು ಪಠ್ಯವಾಗಿಸುವ ಟೆಸ್ಸರಾಕ್ಟ್ ಮೂರರಲ್ಲೂ ಬರಿಯ ಹೆಸರಿನಿಂದಲೇ ಓಡಬೇಕು. ಹೆಸರು ಕೊಟ್ಟಾಗ ಯಂತ್ರ ಆ ತಂತ್ರಾಂಶವನ್ನು ಹುಡುಕುವ ಫೋಲ್ಡರುಗಳ ಪಟ್ಟಿಯಾದ ಪಾಥನ್ನು ನೀವು ಹೇಗೆ ನಿಭಾಯಿಸಿದ್ದೀರಿ?

ಬದಿಯಡ್ಕ: ವಿಂಡೋಸ್‌ನಲ್ಲಿ ಪಾಥ್ ಬದಲಿಸಲು ಬಳಸುವ ಸೆಟ್‌ಎಕ್ಸ್ ಆದೇಶವೊಂದನ್ನು ಮುಟ್ಟಬೇಡಿ. ನಮ್ಮ ಡಿಟಿಪಿ ಅಂಗಡಿಗೆ ಬಂದ ತಂತ್ರಜ್ಞರು ಇದ್ದ ಪಾಥ್‌ಗೆ ಹೊಸ ಫೋಲ್ಡರ್ ಸೇರಿಸಿ ಆ ಆದೇಶವನ್ನು ಓಡಿಸಿದರು. ಅದು 1024 ಅಕ್ಷರಗಳಾಚೆಗಿನದನ್ನು ಕತ್ತರಿಸಿತು, ಸಾಲದ್ದಕ್ಕೆ ಇಡೀ ಯಂತ್ರದ ಪಾಥನ್ನು ಬಳಕೆದಾರರ ಪಾಥ್‌ನೊಳಗೆ ತುಂಬಿತು. ಪಟ್ಟಿಯ ಬಾಲದಲ್ಲಿದ್ದ, ಪಿಡಿಎಫ್ ಮಾಡುವ ಘೋಸ್ಟ್‌ಸ್ಕ್ರಿಪ್ಟ್ ಮಾಯವಾಗಿ, ಮದುವೆಯ ಹಂಗಾಮಿನಲ್ಲೇ ಆಮಂತ್ರಣ ಪತ್ರಿಕೆಗಳ ಪಿಡಿಎಫ್ ನಿಂತುಹೋಯಿತು. ಮಂಗಳೂರಿನಲ್ಲಿ ಕೆಲಸ ಮಾಡಿಸಿದ ಬಿಲ್ಲು, ಬಸ್ ಖರ್ಚು, ಅದೇ ತಂತ್ರಜ್ಞರ ಎರಡನೆಯ ಭೇಟಿಯ ಶುಲ್ಕ, ಎಲ್ಲವೂ ನನ್ನ ತಲೆಗೇ ಬಂದವು. ಈಗ ವಿಂಡೋಸ್‌ನ ಎನ್ವಿರಾನ್ಮೆಂಟ್ ವೇರಿಯೇಬಲ್ಸ್ ಕಿಟಕಿಯಲ್ಲಿ ಒಂದೊಂದೇ ಸಾಲು ಸೇರಿಸುತ್ತೇನೆ, ಅದಕ್ಕೂ ಮೊದಲು ಹಳೆಯದರ ನಕಲು ಇಟ್ಟುಕೊಳ್ಳುತ್ತೇನೆ.

ಮಂಜೇಶ್ವರ: ವಿಂಡೋಸ್ ಬಿಟ್ಟರೆ ಈ ಗೋಳೇ ಇರದು. ಲಿನಕ್ಸ್‌ನಲ್ಲಿ ನಮಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಟರ್ಮಿನಲ್‌ನ ಸಿದ್ಧತಾ ಕಡತವಾದ ಬ್ಯಾಶ್‌ಆರ್‌ಸಿಯಲ್ಲಿ ಬರೆದ ಪಾಥನ್ನು, ನಿಗದಿತ ವೇಳೆಗೆ ಕೆಲಸ ಓಡಿಸುವ ಕ್ರಾನ್ ಓದುವುದಿಲ್ಲ, ನಿರ್ವಾಹಕರ ಅಧಿಕಾರದಲ್ಲಿ ಆದೇಶ ಓಡಿಸುವ ಸುಡೊ ತನ್ನದೇ ಸೆಕ್ಯೂರ್ ಪಾಥ್ ಹಿಡಿಯುತ್ತದೆ. ನಮ್ಮ ವಾಚನಾಲಯದ ರಾತ್ರಿಯ ಬ್ಯಾಕಪ್ ಸದ್ದಿಲ್ಲದೆ ನಿಂತಿದ್ದು, ಡಿಸ್ಕ್ ಕೆಟ್ಟ ದಿನವೇ ಅದು ತಿಳಿಯಿತು. ಸದಸ್ಯರ ಪಟ್ಟಿಯನ್ನೆಲ್ಲ ಮತ್ತೆ ಕೈಯಾರೆ ತುಂಬಿಸಿದೆವು. ಅಂದಿನಿಂದ ಕ್ರಾನ್‌ನಲ್ಲಿ ಪ್ರತಿ ಆದೇಶಕ್ಕೂ ಪೂರ್ಣ ವಿಳಾಸವನ್ನೇ ಬರೆಯುತ್ತೇನೆ.

ಬದಿಯಡ್ಕ: ನನ್ನ ಗಿರಾಕಿಗಳು ತರುವುದು ನುಡಿ ಅಕ್ಷರಗಳ ಪೇಜ್‌ಮೇಕರ್ ಕಡತಗಳನ್ನು. ವಿಂಡೋಸ್ ಬಿಟ್ಟು ಅಂಗಡಿ ಮುಚ್ಚಲೇ? ಬ್ಯಾಕಪ್ ಕಳೆದುಕೊಂಡವರ ಉಪದೇಶ ನನಗೆ ಬೇಡ.

ಉಪ್ಪಳ: ಮ್ಯಾಕ್‌ನಲ್ಲಿ ಟರ್ಮಿನಲ್‌ನ ಸಿದ್ಧತಾ ಕಡತ ಝಡ್‌ಶೆಲ್‌ಎನ್ವಿಯಲ್ಲಿ ಬರೆದದ್ದನ್ನು, ವ್ಯವಸ್ಥೆಯದೇ ಪಾಥ್ ಹೆಲ್ಪರ್ ಹಿಂದಕ್ಕೆ ತಳ್ಳಿ ವ್ಯವಸ್ಥೆಯ ಫೋಲ್ಡರುಗಳನ್ನು ಮುಂದಿಡುತ್ತದೆ, ಮನೆ ಫೋಲ್ಡರಿನ ಝಡ್‌ಪ್ರೊಫೈಲ್ ಕಡತದಲ್ಲಿ ಬರೆದರೆ ನಿಲ್ಲುತ್ತದೆ. ಹಳೆಯ ಇಂಟೆಲ್ ಮ್ಯಾಕ್‌ನಿಂದ ಎಲ್ಲವನ್ನೂ ಹೊಸದಕ್ಕೆ ಸಾಗಿಸಿದಾಗ ಯೂಸರ್ ಲೋಕಲ್ ಫೋಲ್ಡರಿನ ಹೋಮ್‌ಬ್ರೂ (ತಂತ್ರಾಂಶಗಳನ್ನು ಅಳವಡಿಸುವ ಸಾಧನ) ಕೂಡ ಹಿಂದೆಯೇ ಬಂದಿತ್ತು. ಹೊಸ ಯಂತ್ರದ್ದು ಆಪ್ಟ್ ಹೋಮ್‌ಬ್ರೂ ಫೋಲ್ಡರಿನಲ್ಲಿತ್ತು. ಓಡುತ್ತಿದ್ದುದು ಕನ್ನಡದ ದತ್ತಾಂಶವಿಲ್ಲದ ಹಳೆಯ ಟೆಸ್ಸರಾಕ್ಟ್. ದುರಸ್ತಿ ಕೇಂದ್ರದವರು ಹಣ ಪಡೆದು ಇಡೀ ಯಂತ್ರ ಅಳಿಸಿದರು. ಬ್ಯಾಕಪ್ ಮರಳಿ ಹಾಕಿದೊಡನೆ ದೋಷವೂ ಮರಳಿತು. ಯಾವ ಪ್ರತಿ ಓಡುತ್ತದೆಂದು ತೋರಿಸುವ ವಿಚ್ ಆದೇಶಕ್ಕೆ ಎ ಆಯ್ಕೆ ಸೇರಿಸಿದ್ದರೆ ಎರಡೂ ಕಾಣುತ್ತಿದ್ದವು, ಒಂದು ಪೈಸೆ ಖರ್ಚಿಲ್ಲದೆ.

ಮಂಜೇಶ್ವರ: ಬದಿಯಡ್ಕದವರೇ, ನಿಮ್ಮ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ (ಆದೇಶ ಬರೆಯುವ ಕಿಟಕಿ) ಪಾಥ್‌ಗಿಂತ ಮೊದಲು ನೀವು ಆಗ ತೆರೆದು ನಿಂತಿರುವ ಫೋಲ್ಡರಿನಲ್ಲೇ ಹುಡುಕುತ್ತದೆ. ಗಿರಾಕಿಯ ಪೆನ್‌ಡ್ರೈವ್‌ನಲ್ಲಿ ಅದೇ ಹೆಸರಿನ ದುಷ್ಟ ಕಡತವಿದ್ದರೆ ಓಡುವುದು ಅದೇ.

ಬದಿಯಡ್ಕ: ವಿಂಡೋಸ್‌ನ ಇನ್ನೊಂದು ಆದೇಶ ಕಿಟಕಿ ಪವರ್‌ಶೆಲ್ ಹಾಗೆ ಮಾಡುವುದಿಲ್ಲ, ನಾನು ಬಳಸುವುದು ಅದನ್ನು. ನೋಡದೆ ನನ್ನ ಅಂಗಡಿಯ ಬಗ್ಗೆ ತೀರ್ಪು ಕೊಡಬೇಡಿ.