ಕ್ರುಸೇಡರ್ ಕಿಂಗ್ಸ್ 3: ವಾರಸುದಾರನ ಕೌಶಲ ಮತ್ತು ಸ್ವಭಾವ ರೂಪುಗೊಳ್ಳುವ ಬಗೆ

ಹಸಿರುದ್ವೀಪ (ಪ್ರಶ್ನೆ)

ಮಧ್ಯಯುಗದ ರಾಜವಂಶವೊಂದನ್ನು ಪೀಳಿಗೆಯಿಂದ ಪೀಳಿಗೆಗೆ ನಡೆಸುವ ಈ ಕಂಪ್ಯೂಟರ್ ಆಟದಲ್ಲಿ 1066ರ ಆರಂಭವನ್ನು ಆಯ್ದುಕೊಂಡು ಐರ್ಲೆಂಡಿನ ಮನ್‌ಸ್ಟರ್‌ನಿಂದ ಆಡುತ್ತಿದ್ದೇನೆ. ಹಿರಿಯ ಮಗನಿಗೆ ಬಾಲ್ಯದಲ್ಲಿ ರೌಡಿ (ತುಂಟ, ಪುಂಡ) ಎಂಬ ಗುಣ ಬಂದಿತ್ತು. ಬೊಕ್ಕಸ ಸದಾ ಬರಿದಾಗಿರುತ್ತಿದ್ದುದರಿಂದ ಅವನಿಗೆ ಸ್ಟೀವರ್ಡ್‌ಶಿಪ್ (ಹಣಕಾಸು ಮತ್ತು ಆಡಳಿತ) ಶಿಕ್ಷಣವನ್ನೇ ಗೊತ್ತುಮಾಡಿ, ಆಸ್ಥಾನದಲ್ಲಿ ಆ ವಿಷಯದಲ್ಲಿ ಎಲ್ಲರಿಗಿಂತ ನಿಪುಣನಾದವನನ್ನು ಪಾಲಕನಾಗಿ ನೇಮಿಸಿದೆ. ಆದರೂ ಅವನಿಗೆ ದೊರೆತದ್ದು ಎರಡನೆಯ ಹಂತದ ಶಿಕ್ಷಣ. ಸ್ವಭಾವದಲ್ಲಿ ಅವನು ಕಂಪ್ಯಾಷನೇಟ್ (ಕರುಣಾಳು), ಆನೆಸ್ಟ್ (ಪ್ರಾಮಾಣಿಕ) ಮತ್ತು ಡಿಲಿಜೆಂಟ್ (ಶ್ರಮಶೀಲ). ಈಗ ಅವನೇ ರಾಜ. ತಂದೆಯ ಕಾಲದಿಂದಲೂ ಹಗೆ ಸಾಧಿಸುತ್ತಿರುವ ಸಾಮಂತರನ್ನು ಒಬ್ಬೊಬ್ಬರನ್ನಾಗಿ ಮುಗಿಸಬೇಕೆಂದು ಇಂಟ್ರೀಗ್ (ಒಳಸಂಚು) ಜೀವನಶೈಲಿಯನ್ನು, ಅಂದರೆ ಪಾತ್ರ ಬೆಳೆಯುವ ದಾರಿಯನ್ನು, ಆರಿಸಿಕೊಂಡೆ. ಪ್ರತಿಯೊಂದು ಸಂಚಿಗೂ ಪ್ರತಿಯೊಂದು ಮರಣದಂಡನೆಗೂ ಸ್ಟ್ರೆಸ್ (ಮಾನಸಿಕ ಒತ್ತಡದ ಅಂಕ) ಏರುತ್ತಾ ಹೋಗಿ ನೂರನ್ನು ದಾಟಿದೆ. ಕೌಶಲಗಳೂ ಗುಣಗಳೂ ನಿಜವಾಗಿ ಎಲ್ಲಿ ನಿರ್ಧಾರವಾಗುತ್ತವೆ, ಅದರಲ್ಲಿ ಆಟಗಾರನ ಕೈ ಎಷ್ಟಿದೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ದುರ್ಗಪಾಲ

ಶಿಕ್ಷಣದ ಫಲ ಪಾಲಕನೊಬ್ಬನ ಕೈಯಲ್ಲಿಲ್ಲ. ಮಗುವಿಗೆ ಮೂರನೆಯ ವಯಸ್ಸಿನಲ್ಲಿ ಬರುವ ಬಾಲ್ಯಗುಣ ಯಾವ ವಿದ್ಯೆಗೆ ಒಗ್ಗುತ್ತದೆ, ಮಗುವಿನ ಹುಟ್ಟು ಬುದ್ಧಿ ಎಷ್ಟು ಚುರುಕು, ಪಾಲಕನಿಗೆ ಆ ವಿಷಯದಲ್ಲೂ ಲರ್ನಿಂಗ್ (ವಿದ್ವತ್ತು) ಕೌಶಲದಲ್ಲೂ ಎಷ್ಟು ಹಿಡಿತವಿದೆ ಎಂಬ ಮೂರೂ ಸೇರಿ ಆರರಿಂದ ಹದಿನಾರರವರೆಗಿನ ಕಲಿಕೆಯನ್ನು ರೂಪಿಸುತ್ತವೆ. ರೌಡಿ ಮಗುವಿನ ಒಲವು ಮಾರ್ಷಲ್ (ಯುದ್ಧಕೌಶಲ) ಮತ್ತು ಇಂಟ್ರೀಗ್ ಕಡೆಗೆ. ಸ್ಟೀವರ್ಡ್‌ಶಿಪ್‌ಗೆ ಒಗ್ಗುವವು ಬಾಸಿ (ದರ್ಪದ) ಮತ್ತು ಪೆನ್ಸಿವ್ (ಚಿಂತನಶೀಲ) ಎಂಬ ಬಾಲ್ಯಗುಣಗಳು. ಆದ್ದರಿಂದ ನಿಮ್ಮ ಮಗ ಪ್ರವಾಹಕ್ಕೆ ಎದುರಾಗಿ ಈಜಿಯೂ ಎರಡನೆಯ ಹಂತ ತಲುಪಿದ್ದಾನೆ.

ಆದರೆ ನಾನು ಒತ್ತಿ ಹೇಳಬೇಕೆಂದಿರುವುದು ಬೇರೆಯೇ. ಶಿಕ್ಷಣದ ಹಂತಕ್ಕೆ ಆಟಗಾರರು ಕೊಡುವ ಮಹತ್ವವನ್ನು ಸ್ವಭಾವದ ಗುಣಗಳಿಗೆ ಕೊಡುವುದಿಲ್ಲ. ಶಿಕ್ಷಣದ ಮೊದಲ ನಾಲ್ಕು ಹಂತಗಳಿಂದ ಸಿಗುವುದು ಒಂದೇ ಕೌಶಲದಲ್ಲಿ ಕ್ರಮವಾಗಿ 2, 4, 6 ಮತ್ತು 8 ಅಂಕಗಳು. ಡಿಲಿಜೆಂಟ್ ಎಂಬ ಒಂದೇ ಗುಣ ಸ್ಟೀವರ್ಡ್‌ಶಿಪ್‌ಗೆ 3, ಲರ್ನಿಂಗ್‌ಗೆ 3, ಡಿಪ್ಲೊಮಸಿಗೆ (ರಾಜತಾಂತ್ರಿಕತೆ) 2 ಅಂಕ ಕೊಡುತ್ತದೆ, ಒಟ್ಟು ಎಂಟು. ಈಗ ನಿಮ್ಮ ರಾಜನ ಲೆಕ್ಕ ಹಾಕಿ ನೋಡಿ. ಶಿಕ್ಷಣ ಮತ್ತು ಡಿಲಿಜೆಂಟ್ ಸೇರಿ ಸ್ಟೀವರ್ಡ್‌ಶಿಪ್‌ನಲ್ಲಿ 7 ಅಂಕಗಳಾದವು. ಕಂಪ್ಯಾಷನೇಟ್, ಆನೆಸ್ಟ್, ಡಿಲಿಜೆಂಟ್ ಮೂರೂ ತಲಾ 2ರಂತೆ ಡಿಪ್ಲೊಮಸಿಗೆ 6 ಅಂಕ ತಂದಿವೆ. ಇಂಟ್ರೀಗ್‌ನಲ್ಲಿ ಮಾತ್ರ ಕಂಪ್ಯಾಷನೇಟ್ 2, ಆನೆಸ್ಟ್ 4 ಅಂಕಗಳನ್ನು ಕಿತ್ತುಕೊಂಡಿವೆ. ಅವನು ಯಾವ ಬಗೆಯ ಅರಸನಾಗಬಲ್ಲ ಎಂಬುದನ್ನು ಗುಣಗಳೇ ಸ್ಪಷ್ಟವಾಗಿ ಹೇಳುತ್ತಿರುವಾಗ, ಅವನಿಗೆ ಅತ್ಯಂತ ಒಗ್ಗದ ದಾರಿಯಲ್ಲಿ ಅವನನ್ನು ನಡೆಸಲಾಗುತ್ತಿದೆ. ಸ್ಟ್ರೆಸ್ ಏರುತ್ತಿರುವುದು ಇದೇ ಕಾರಣಕ್ಕೆ. ಕರುಣೆಯುಳ್ಳವನು ಕೊಲೆಯ ಸಂಚು ಹೂಡಿದರೆ ಅವನ ಮನಸ್ಸು ಅದಕ್ಕೆ ಬೆಲೆ ತೆರಲೇಬೇಕೆಂಬುದು ಈ ಆಟದ ಜೀವಾಳ, ಮತ್ತು ನನ್ನ ಮಟ್ಟಿಗೆ ಇದರ ಅತ್ಯುತ್ತಮ ಕಲ್ಪನೆಯೂ ಹೌದು.

ಮುಂದಿನ ಪೀಳಿಗೆಯಲ್ಲಿ ಹಿಡಿತ ಬೇಕೆಂದರೆ ವಾರಸುದಾರನಿಗೆ ನೀವೇ ಪಾಲಕರಾಗಿ. ಒಬ್ಬ ಪಾಲಕ ಇಬ್ಬರು ಮಕ್ಕಳನ್ನು ನೋಡಿಕೊಳ್ಳಬಹುದು. ಸ್ವಭಾವ ರೂಪುಗೊಳ್ಳುವ ಪ್ರಸಂಗಗಳು ಆಗ ನಿಮ್ಮ ಮುಂದೆಯೇ ಬರುತ್ತವೆ.

ಮೂರನೆಯ ಅಂಕಣ

ದುರ್ಗಪಾಲರ ಮಾತಿಗೆ ಜೀವನಶೈಲಿಯ ಲೆಕ್ಕವನ್ನೂ ಸೇರಿಸುತ್ತೇನೆ. ಒಂದು ಪರ್ಕ್‌ಗೆ (ಜೀವನಶೈಲಿಯಿಂದ ಪಾತ್ರಕ್ಕೆ ಸಿಗುವ ವಿಶೇಷ ಸಾಮರ್ಥ್ಯ) 1000 ಅನುಭವದ ಅಂಕಗಳು ಬೇಕು. ಮೂಲ ಗಳಿಕೆ ತಿಂಗಳಿಗೆ 25. ಜೀವನಶೈಲಿಯ ಒಂದು ಶಾಖೆಯಲ್ಲಿ ಒಂಬತ್ತು ಪರ್ಕ್‌ಗಳಿರುವುದರಿಂದ ಬೇರೆ ಯಾವ ನೆರವೂ ಇಲ್ಲದಿದ್ದರೆ ಅದನ್ನು ಪೂರ್ಣಗೊಳಿಸಲು ಮೂವತ್ತು ವರ್ಷ ಹಿಡಿಯುತ್ತದೆ. ಕಲಿತ ವಿದ್ಯೆಗೆ ಹೊಂದುವ ಜೀವನಶೈಲಿಯಲ್ಲಿ ಮಾತ್ರ ಶಿಕ್ಷಣದ ಆ ನಾಲ್ಕು ಹಂತಗಳಿಗೆ ತಕ್ಕಂತೆ ಶೇಕಡಾ 10ರಿಂದ 40ರವರೆಗೆ ಹೆಚ್ಚಳ ಸಿಗುತ್ತದೆ. ನಿಮ್ಮ ರಾಜನಿಗೆ ಸ್ಟೀವರ್ಡ್‌ಶಿಪ್‌ನ ಒಂದು ಶಾಖೆ ಇಪ್ಪತ್ತೈದು ವರ್ಷಗಳಲ್ಲಿ ಮುಗಿಯುತ್ತದೆ, ಇಂಟ್ರೀಗ್‌ನಲ್ಲಾದರೆ ಪೂರ್ತಿ ಮೂವತ್ತು. ಮಧ್ಯಯುಗದ ಅರಸನೊಬ್ಬನ ಆಯುಷ್ಯದಲ್ಲಿ ಐದು ವರ್ಷ ಸಣ್ಣ ಅವಧಿಯಲ್ಲ.

ಪಾಲಕನನ್ನು ಹುಡುಕುವಷ್ಟೇ ಶ್ರದ್ಧೆಯಿಂದ ವಧುವನ್ನೂ ಹುಡುಕಿ. ಕ್ವಿಕ್, ಇಂಟೆಲಿಜೆಂಟ್, ಜೀನಿಯಸ್ ಎಂಬ ಹುಟ್ಟುಗುಣಗಳು ಐದೂ ಮುಖ್ಯ ಕೌಶಲಗಳಿಗೆ ತಲಾ 1, 3, 5 ಅಂಕ ಕೂಡಿಸುತ್ತವೆ. ತಂದೆತಾಯಿ ಇಬ್ಬರಲ್ಲೂ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚುತ್ತದೆ.

ಹಸಿರುದ್ವೀಪ

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಈ ರಾಜನನ್ನು ಈಗಲೇ ಬೇರೆ ಜೀವನಶೈಲಿಗೆ ತಿರುಗಿಸಬಹುದೇ? ಸಾಮಂತರ ವಿಷಯದಲ್ಲಿ ಏನು ಮಾಡಲಿ?

ದುರ್ಗಪಾಲ

ಒಮ್ಮೆ ಆರಿಸಿದ ಫೋಕಸ್ ಅನ್ನು (ಜೀವನಶೈಲಿಯ ಆಯ್ಕೆ) ಐದು ವರ್ಷ ಬದಲಿಸಲಾಗದು. ಆ ಅವಧಿ ಮುಗಿದ ಕೂಡಲೇ ಸ್ಟೀವರ್ಡ್‌ಶಿಪ್‌ಗೆ ಹೊರಳಿ. ಅಲ್ಲಿಯವರೆಗೆ ಸಂಚುಗಳನ್ನು ನಿಲ್ಲಿಸಿ, ಅತ್ಯಂತ ಬಲಿಷ್ಠನಾದ ಸಾಮಂತನಿಂದ ಆರಂಭಿಸಿ ಒಬ್ಬೊಬ್ಬರನ್ನೂ ಸ್ವೇ ಮಾಡಿ ಒಲಿಸಿಕೊಳ್ಳಿ. ಡಿಪ್ಲೊಮಸಿಯ ಆ ಆರು ಅಂಕಗಳು ಕೆಲಸಕ್ಕೆ ಬರುವುದು ಇಲ್ಲಿಯೇ. ಹಣ ಕೂಡಿದಾಗ ಬೇಟೆ ಅಥವಾ ಔತಣ ಏರ್ಪಡಿಸಿದರೆ ಸ್ಟ್ರೆಸ್ ಇಳಿಯುತ್ತದೆ. ಡಿಲಿಜೆಂಟ್ ಆದವನಿಗೆ ಆ ಇಳಿಕೆ ಉಳಿದವರಿಗಿಂತ ಕಡಿಮೆ ಎಂಬುದು ನೆನಪಿರಲಿ.

ಮೂರನೆಯ ಅಂಕಣ

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಭಿನ್ನ. ಸ್ಟ್ರೆಸ್ ನೂರು ದಾಟಿತೆಂದು ಅಷ್ಟೊಂದು ಅಂಜಬೇಕಾಗಿಲ್ಲ. ಆಗ ಬರುವ ಮೊದಲ ಮಾನಸಿಕ ಕುಸಿತದಲ್ಲಿ ಕುಡಿತದಂಥ ಚಟಗಳ ಜೊತೆಗೆ ಜರ್ನಲರ್ (ದಿನಚರಿ ಬರೆಯುವವ) ಅಥವಾ ಕಾನ್ಫೈಡರ್‌ನಂಥ (ಆಪ್ತರಲ್ಲಿ ಮನಸ್ಸು ತೋಡಿಕೊಳ್ಳುವವ) ಹಿತವಾದ ಆಯ್ಕೆಯೂ ಒಮ್ಮೊಮ್ಮೆ ಎದುರಾಗುತ್ತದೆ, ಅದು ಮುಂದೆ ಜೀವನಪೂರ್ತಿ ಸ್ಟ್ರೆಸ್ ಇಳಿಸಲು ನೆರವಾಗುತ್ತದೆ. ಇನ್ನೂರನ್ನು ಮಾತ್ರ ದಾಟಲು ಬಿಡಬೇಡಿ.