‘ಅಂಡರ್‌ಸರ್ವ್ಡ್ ಕಮ್ಯುನಿಟಿ’ ಎಂಬುದಕ್ಕೆ ‘ಹಿಂದುಳಿದ ಸಮುದಾಯ’ ಸರಿಹೊಂದೀತೇ?

ಮಾನ್ಯರೇ,

ಸಹಕಾರ ಸಂಘಗಳ ಕಾರ್ಯದರ್ಶಿಗಳೂ ನಿರ್ದೇಶಕರೂ ಹೆಚ್ಚಾಗಿ ಓದುವ ಮಾಸಪತ್ರಿಕೆಯೊಂದಕ್ಕೆ, ಅಮೆರಿಕದ ಕಪ್ಪು ಜನರು ಕಟ್ಟಿದ ಉದ್ಯಮಗಳನ್ನೂ ಬ್ಯಾಂಕುಗಳನ್ನೂ ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ವರ್ಜೀನಿಯ ರಾಜ್ಯದ ರಿಚ್ಮಂಡ್ ನಗರದಲ್ಲಿ 1903ರಲ್ಲಿ ಸೇಂಟ್ ಲ್ಯೂಕ್ ಪೆನಿ ಸೇವಿಂಗ್ಸ್ ಬ್ಯಾಂಕನ್ನು ಸ್ಥಾಪಿಸಿ ಅದರ ಅಧ್ಯಕ್ಷೆಯಾದ ಮ್ಯಾಗಿ ಲೀನಾ ವಾಕರ್ ಅವರೇ ಅದರ ಮುಖ್ಯ ವಿಷಯ. ಲೇಖನದ ಕೊನೆಯ ಭಾಗ ಈಗಿನ ಸಾಲನೀತಿಗೆ ಸಂಬಂಧಿಸಿದ್ದು, ಅಲ್ಲಿ ‘ಅಂಡರ್‌ಸರ್ವ್ಡ್ ಕಮ್ಯುನಿಟಿ’ (ಬ್ಯಾಂಕಿನ ಸಾಲ, ಖಾತೆಗಳಂಥ ಸೌಲಭ್ಯ ಸಾಕಷ್ಟು ತಲುಪದ ಜನವಸತಿ) ಎಂಬ ಮಾತು ಹೆಜ್ಜೆಹೆಜ್ಜೆಗೂ ಬರುತ್ತದೆ. ಅದಕ್ಕೆ ‘ಹಿಂದುಳಿದ ಸಮುದಾಯ’ ಎಂದು ಬರೆದರೆ ಸಾಕೆಂಬುದು ಸಂಪಾದಕರ ಸೂಚನೆ. ನನಗೆ ಅದು ಸರಿಯೆನಿಸುತ್ತಿಲ್ಲವಾದ್ದರಿಂದ ಕಾರಣಗಳನ್ನು ಬಲ್ಲವರ ಮುಂದಿಡುತ್ತಿದ್ದೇನೆ.

ಮೊದಲನೆಯದಾಗಿ, ‘ಹಿಂದುಳಿ’ ಎಂಬುದು ಅಕರ್ಮಕ ಕ್ರಿಯಾಪದ. ಹಿಂದುಳಿದವನನ್ನು ಯಾರೂ ಹಿಂದೆ ತಳ್ಳಿರಬೇಕಾಗಿಲ್ಲ. ನಡಿಗೆ ನಿಧಾನವಾದರೂ ಹಿಂದುಳಿಯಬಹುದು. ಇದಲ್ಲದೆ, ಹಿಂದುಳಿದ ವರ್ಗಗಳನ್ನು ಗುರುತಿಸಿದ ಹಾವನೂರು ಆಯೋಗದ ಕಾಲದಿಂದ ಈಚೆಗಂತೂ ‘ಹಿಂದುಳಿದ’ ಎಂಬುದು ನಮ್ಮಲ್ಲಿ ಮೀಸಲಾತಿಗೆ ಸಂಬಂಧಿಸಿದ ಪಾರಿಭಾಷಿಕ ಪದವಾಗಿ ನಿಂತುಬಿಟ್ಟಿದೆ. ಕರ್ನಾಟಕದ ಓದುಗನು ಆ ಪದವನ್ನು ಕಂಡ ಕೂಡಲೇ ಪ್ರವರ್ಗಗಳ ಪಟ್ಟಿಯನ್ನು ನೆನೆಯುತ್ತಾನೆಯೇ ಹೊರತು ಬ್ಯಾಂಕಿನ ಸಾಲ ಸಿಗದ ಬೀದಿಯನ್ನಲ್ಲ.

ಆ ಬೀದಿಗಳಿಗೆ ಸಾಲ ಸಿಗದೆ ಹೋದದ್ದು ಆಕಸ್ಮಿಕವೂ ಅಲ್ಲ. 1930ರ ದಶಕದಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ನಗರಗಳ ನಕಾಶೆಗಳನ್ನು ಬರೆಸಿ, ಬಡಾವಣೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿತು: ಉತ್ತಮವಾದುದಕ್ಕೆ ಹಸಿರು, ಆಮೇಲೆ ನೀಲಿ, ಹಳದಿ, ಕೊನೆಯಲ್ಲಿ ‘ಅಪಾಯಕಾರಿ’ ಎಂಬ ಒಕ್ಕಣೆಯೊಂದಿಗೆ ಕೆಂಪು. ಕಪ್ಪು ಜನರು ವಾಸವಾಗಿದ್ದ ಬಡಾವಣೆಗಳಿಗೆ ಬಹುತೇಕ ಕೆಂಪೇ ಗತಿಯಾಯಿತು. ವಾಕರ್ ಅವರ ಮನೆಯೂ ಬ್ಯಾಂಕೂ ಇದ್ದ ಜಾಕ್ಸನ್ ವಾರ್ಡಿಗೂ ಅದೇ ಬಣ್ಣ ಬಿತ್ತು. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಗೃಹಸಾಲಗಳಿಗೆ ಸರ್ಕಾರದ ವಿಮೆಯನ್ನು ಒದಗಿಸುತ್ತಿತ್ತಾದರೂ, ಬೇರೆ ಬೇರೆ ಜನಾಂಗದವರು ಬೆರೆತು ವಾಸಿಸುವುದನ್ನೇ ಅಪಾಯದ ಗುರುತೆಂದು ಅದರ ಕೈಪಿಡಿಯು ಎಣಿಸುತ್ತಿತ್ತು. ವಿಮೆಯಿಲ್ಲದೆ ಬ್ಯಾಂಕು ಸಾಲ ಕೊಡದು, ಸಾಲವಿಲ್ಲದೆ ಮನೆ ಕೊಳ್ಳುವುದಾಗದು, ಮನೆಯಿಲ್ಲದೆ ಮಕ್ಕಳಿಗೆ ಬಿಟ್ಟುಹೋಗಲು ಆಸ್ತಿಯೇ ಇರದು. ‘ರೆಡ್‌ಲೈನಿಂಗ್’ ಎಂಬ ಹೆಸರು ಬಂದದ್ದು ಈ ಬಣ್ಣದಿಂದ. ಇದನ್ನು ‘ಲಕ್ಷ್ಮಣರೇಖೆ’ ಎನ್ನಬಹುದೆಂದು ಮಿತ್ರರೊಬ್ಬರು ಹೇಳಿದರು. ಒಳಗಿದ್ದವರನ್ನು ಕಾಯಲೆಂದು ಎಳೆದ ಗೆರೆಯ ಹೆಸರನ್ನು, ಒಳಗಿದ್ದವರಿಗೆ ಏನೂ ತಲುಪದಿರಲೆಂದು ಬಳಿದ ಬಣ್ಣಕ್ಕೆ ಇಡುವುದು ನನಗೆ ಸಮ್ಮತವಲ್ಲ. ‘ಕೆಂಪುಗೆರೆ ನೀತಿ’ ಎಂದು ಸರಳವಾಗಿ ಹೇಳಿ ಒಂದು ವಾಕ್ಯದಲ್ಲಿ ವಿವರಿಸಿದರೆ ಸಾಕೆನಿಸುತ್ತದೆ.

ಹೀಗಿರುವಾಗ ‘ವಂಚಿತ’ ಎಂಬ ಪದ ‘ಹಿಂದುಳಿದ’ ಎಂಬುದಕ್ಕಿಂತ ಹತ್ತಿರದ್ದು. ‘ಅವಕಾಶವಂಚಿತ’, ‘ಸೌಲಭ್ಯವಂಚಿತ’ ಎಂಬ ಸಮಾಸಗಳಲ್ಲಿ ಆ ಪದದ ಮೊನೆ ಸವೆದು ‘ಇಲ್ಲದ’ ಎಂಬಷ್ಟೇ ಅರ್ಥ ಉಳಿದಿದೆಯೆಂಬ ಆಕ್ಷೇಪವನ್ನು ನಾನು ಬಲ್ಲೆ. ಆದರೆ ‘ವಂಚನೆ ಪ್ರಕರಣ’ ಎಂದು ಪತ್ರಿಕೆಗಳು ದಿನವೂ ಬರೆಯುತ್ತಿರುವಾಗ, ಮೋಸ ಮಾಡಿದವನೊಬ್ಬನಿದ್ದಾನೆಂಬ ಧ್ವನಿ ಕನ್ನಡದಲ್ಲಿ ಪೂರ್ತಿ ಅಡಗಿಲ್ಲ. ಅಮೆರಿಕದ ಚರಿತ್ರೆಯಲ್ಲಿ ಆ ಧ್ವನಿಗೆ ಆಧಾರವೂ ಉಂಟು. ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ 1865ರಲ್ಲಿ ಸನ್ನದು ಪಡೆದ ಫ್ರೀಡ್‌ಮನ್ಸ್ ಸೇವಿಂಗ್ಸ್ ಬ್ಯಾಂಕು, ಆಡಳಿತ ವರ್ಗದವರ ದುರ್ವ್ಯವಹಾರದಿಂದಲೂ ಬೇಕಾಬಿಟ್ಟಿ ಸಾಲಗಳಿಂದಲೂ ಸೊರಗಿ 1874ರಲ್ಲಿ ಮುಚ್ಚಿದಾಗ, 60,000ಕ್ಕೂ ಹೆಚ್ಚು ಠೇವಣಿದಾರರ ಸುಮಾರು 30 ಲಕ್ಷ ಡಾಲರುಗಳು ಸಿಕ್ಕಿಬಿದ್ದವು. ಕೊನೆಯ ತಿಂಗಳುಗಳಲ್ಲಿ ಅಧ್ಯಕ್ಷ ಪದವಿಯನ್ನು ಹೊತ್ತ, ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸ್ ಅವರು ತಮ್ಮ ಕೈಯಿಂದಲೇ 10,000 ಡಾಲರುಗಳನ್ನು ಹಾಕಿದರೂ ಅದು ಉಳಿಯಲಿಲ್ಲ. ಇದಾಗಿ ಮೂವತ್ತು ವರ್ಷ ತುಂಬುವ ಮೊದಲೇ ವಾಕರ್ ಅವರು ಅದೇ ಜನರ ಬಳಿ ಹೋಗಿ, ನಿಮ್ಮ ಹಣವನ್ನು ನಮ್ಮಲ್ಲಿಡಿ ಎಂದು ಕೇಳಬೇಕಾಗಿತ್ತು.

ಅವರ ಬ್ಯಾಂಕಿಗೆ ಬಂದ ಹಣದ ಸ್ವರೂಪವೂ ಪದದ ಆಯ್ಕೆಗೆ ಸಂಬಂಧಪಟ್ಟದ್ದೇ. ಬಾಗಿಲು ತೆರೆದ ದಿನ ಠೇವಣಿ, ಷೇರು ಎಲ್ಲ ಸೇರಿ 9,000 ಡಾಲರುಗಳಿಗೂ ಹೆಚ್ಚು ಸಂಗ್ರಹವಾಯಿತು. ಅಂದು ಖಾತೆ ತೆರೆದವರಲ್ಲಿ ಒಬ್ಬರು ಇಟ್ಟದ್ದು 31 ಸೆಂಟು ಮಾತ್ರ. ಮನೆಗೆಲಸದವರೂ ಊರವರ ಬಟ್ಟೆ ಒಗೆದು ಬದುಕುವ ಹೆಂಗಸರೂ ಅಲ್ಲಿನ ಗಿರಾಕಿಗಳು. ವಾಕರ್ ಅವರ ತಾಯಿಯೂ ಬಟ್ಟೆ ಒಗೆಯುವ ಕೆಲಸದವರೇ. ಮಕ್ಕಳಿಗೆ ಬ್ಯಾಂಕು ಚಿಕ್ಕ ಹುಂಡಿಗಳನ್ನು ಕೊಟ್ಟು, ಒಂದು ಡಾಲರಿನಷ್ಟು ಪೆನಿಗಳು ಕೂಡಿದಾಗ ಖಾತೆ ತೆರೆಸುತ್ತಿತ್ತು. ಹಾಗೆ ಕೂಡಿದ ಹಣವನ್ನೇ ಬ್ಯಾಂಕು ಅದೇ ಜನರಿಗೆ ಮನೆ ಕೊಳ್ಳಲು ಸಾಲವಾಗಿ ಕೊಟ್ಟಿತು. 1920ರ ವೇಳೆಗೆ ಹೀಗೆ ಮನೆ ಮಾಡಿಕೊಂಡ ಕುಟುಂಬಗಳು ನೂರಾರು. ಅವರು ಪಡೆದದ್ದು ಸಾಲವೇ ಹೊರತು ದಾನವಲ್ಲ, ಅದನ್ನು ತೀರಿಸಿದರು ಕೂಡ. ಆದ್ದರಿಂದಲೇ ‘ಇನ್ವೆಸ್ಟ್’ ಎಂಬುದನ್ನು ‘ನೆರವು ನೀಡು’ ಎಂದು ಬದಲಿಸಬೇಕೆಂಬ ಇನ್ನೊಂದು ಸೂಚನೆಯನ್ನು ನಾನು ಒಪ್ಪಲಾರೆ. ‘ಹೂಡಿಕೆ’ ಎಂಬಲ್ಲಿ ಹಣ ತಿರುಗಿ ಬರುತ್ತದೆಂಬ ನಂಬಿಕೆಯಿದೆ. ಈ ಚರಿತ್ರೆಯ ತಿರುಳೇ ಆ ನಂಬಿಕೆ. ‘ಸರ್ವ್ಡ್’ ಎಂಬುದನ್ನು ‘ಸೇವೆ’ ಎಂದರೂ ಇದೇ ತೊಡಕು. ನಮ್ಮಲ್ಲಿ ‘ಸೇವೆ’ ಎಂದೊಡನೆ ದೇವಸ್ಥಾನವೋ ಸಮಾಜಸೇವೆಯೋ ಮನಸ್ಸಿಗೆ ಬರುತ್ತದೆ. ಇಲ್ಲಿ ಉದ್ದೇಶಿಸಿರುವುದು ಸಾಲ ಮತ್ತು ಉಳಿತಾಯ ಖಾತೆ, ಅಷ್ಟೇ. ‘ಸಾಲ ಸಾಲದ ಬಡಾವಣೆ’ ಎಂದು ಬರೆಯಲು ಕೈ ತುರಿಸುತ್ತದೆ; ಆದರೆ ಶ್ಲೇಷೆಯನ್ನು ಪತ್ರಿಕೆಯವರು ಮುದ್ರಣದೋಷವೆಂದು ತಿದ್ದಿಯಾರು.

‘ಕಮ್ಯುನಿಟಿ’ಗೆ ‘ಸಮುದಾಯ’ ಎನ್ನುವುದರಲ್ಲಿಯೂ ತೊಡಕಿದೆ. ಈಗಿನ ಕನ್ನಡ ಪತ್ರಿಕೆಗಳಲ್ಲಿ ಸಮುದಾಯವೆಂದರೆ ಜಾತಿಗೆ ಇಟ್ಟ ಸಭ್ಯ ಹೆಸರು. 1977ರ ಕಮ್ಯುನಿಟಿ ರಿಇನ್ವೆಸ್ಟ್‌ಮೆಂಟ್ ಕಾಯಿದೆಯಾದರೋ ಬ್ಯಾಂಕುಗಳು ತಾವು ವ್ಯವಹರಿಸುವ ಸ್ಥಳದ ಸಾಲದ ಅಗತ್ಯಗಳನ್ನು, ಕಡಿಮೆ ಹಾಗೂ ಮಧ್ಯಮ ಆದಾಯದ ಬಡಾವಣೆಗಳನ್ನೂ ಒಳಗೊಂಡಂತೆ, ಪೂರೈಸಬೇಕೆನ್ನುತ್ತದೆ. ಅಲ್ಲಿ ಸಾಲದ ಅಗತ್ಯವನ್ನು ಅಳೆಯುವುದು ಸ್ಥಳ ಮತ್ತು ಆದಾಯದಿಂದ, ಜನಾಂಗದಿಂದಲ್ಲ. ಹಾಗಾಗಿ ‘ಬಡಾವಣೆ’ ಅಥವಾ ‘ಕೇರಿ’ ಎನ್ನುವುದು ಹೆಚ್ಚು ನಿಖರ. ‘ಊರು–ಕೇರಿ’ ಎಂಬ ಜೋಡಿಯಲ್ಲಿ ಕೇರಿಗೆ ಇರುವ ಅರ್ಥಭಾರ ಜಾಕ್ಸನ್ ವಾರ್ಡಿನಂಥ ಸ್ಥಳಕ್ಕೆ ಒಪ್ಪುತ್ತದೆಯಾದರೂ, ಜಾತಿಯ ಚರಿತ್ರೆಯನ್ನು ವರ್ಣಭೇದದ ಚರಿತ್ರೆಯ ಮೇಲೆ ಅನಾಯಾಸವಾಗಿ ಹೊದಿಸಿದಂತಾಗುವುದೆಂಬ ಅಳುಕು ನನಗಿದೆ. ಈ ವಿಷಯದಲ್ಲಿ ದಲಿತ ಸಾಹಿತ್ಯವನ್ನು ಬಲ್ಲವರ ಅಭಿಪ್ರಾಯವನ್ನು ವಿಶೇಷವಾಗಿ ಕೋರುತ್ತೇನೆ.

‘ಕಪ್ಪು’ ಎಂಬ ವಿಶೇಷಣದ ಮಾತು ಬೇರೆ. ‘ನೀಗ್ರೋ’ ಎಂಬ ಹಳೆಯ ರೂಢಿಯನ್ನು ಬಿಟ್ಟು ‘ಕಪ್ಪು ಜನರು’ ಎಂದು ಬರೆಯುವುದರಲ್ಲಿ ತಕರಾರಿಲ್ಲ. ಆದರೆ ಅದೇ ವಿಶೇಷಣವನ್ನು ಹಣಕಾಸಿನ ಪದದ ಬೆನ್ನಿಗೆ ಕಟ್ಟಿದರೆ ಅನರ್ಥವಾಗುತ್ತದೆ. ‘ಕಪ್ಪುಹಣ’, ‘ಕಪ್ಪುಕುಳ’, ‘ಕಪ್ಪುಪಟ್ಟಿ’ಗಳಿಗೆ ಒಗ್ಗಿದ ಓದುಗನಿಗೆ ‘ಕಪ್ಪು ಉದ್ಯಮಿ’ ತೆರಿಗೆಗಳ್ಳನಾಗಿ ಕಾಣುತ್ತಾನೆ, ‘ಕಪ್ಪು ಬ್ಯಾಂಕು’ ಹವಾಲಾ ಅಂಗಡಿಯಾಗುತ್ತದೆ. ‘ಕಪ್ಪು ಜನಾಂಗದ ಉದ್ಯಮಿಗಳು’, ‘ಕಪ್ಪು ಜನರ ಬ್ಯಾಂಕು’ ಎಂದು ನಡುವೆ ಒಂದು ಪದವನ್ನು ಸೇರಿಸುವುದೇ ಕ್ಷೇಮ.

ಪದದ ಮೇಲೆ ಇಷ್ಟು ಹಟ ಏಕೆಂದು ಕೇಳುವವರಿಗೆ ಟಲ್ಸಾದ ನಿದರ್ಶನವೊಂದೇ ಸಾಕು. 1921ರ ಮೇ 31 ಮತ್ತು ಜೂನ್ 1ರಂದು, ಒಕ್ಲಹೋಮ ರಾಜ್ಯದ ಆ ನಗರದ ಗ್ರೀನ್‌ವುಡ್ ಬಡಾವಣೆಯನ್ನು, ಎಂದರೆ ಕಪ್ಪು ಜನರ ಹೋಟೆಲುಗಳು, ಚಿತ್ರಮಂದಿರಗಳು, ಅಂಗಡಿಗಳು ಸಾಲುಗಟ್ಟಿ ನಿಂತಿದ್ದ ಸುಮಾರು 35 ಚೌಕಗಳನ್ನು, ಬಿಳಿಯರ ಗುಂಪುಗಳು ಸುಟ್ಟುಹಾಕಿದವು. ವಿಮಾ ಕರಾರುಗಳಲ್ಲಿ ‘ರಯಟ್’ನಿಂದ, ಎಂದರೆ ಗಲಭೆಯಿಂದ, ಆದ ನಷ್ಟಕ್ಕೆ ಪರಿಹಾರವಿಲ್ಲವೆಂಬ ಷರತ್ತಿತ್ತು. ಘಟನೆಗೆ ‘ರಯಟ್’ ಎಂದೇ ಹೆಸರಿಟ್ಟು ಕಂಪನಿಗಳು ಹಣ ನಿರಾಕರಿಸಿದವು. 1926ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಅಂಥದೊಂದು ಮೊಕದ್ದಮೆಯಲ್ಲಿ ಕಂಪನಿಯ ಪರವಾಗಿಯೇ ತೀರ್ಪಿತ್ತಿತು. ಈ ಕಾರಣಕ್ಕಾಗಿ ನಾನು ಗ್ರೀನ್‌ವುಡ್ಡನ್ನು ಹೇಳುವಾಗ ‘ಗಲಭೆ’ ಎಂಬುದನ್ನು ಕರಾರಿನ ಪದವಾಗಿ ಮಾತ್ರ ಉಳಿಸಿಕೊಂಡು, ಘಟನೆಗೆ ‘ಹತ್ಯಾಕಾಂಡ’ ಎಂದೇ ಬರೆಯುತ್ತಿದ್ದೇನೆ.

ಸದ್ಯಕ್ಕೆ ನನ್ನ ಕರಡಿನಲ್ಲಿ ಕೆಂಪುಗೆರೆಯ ಕಾಲಕ್ಕೆ ‘ಸಾಲವಂಚಿತ ಬಡಾವಣೆಗಳು’ ಎಂದೂ, ಈಗಿನ ಕಾಯಿದೆಯ ಮಾತಿನಲ್ಲಿ ‘ಬ್ಯಾಂಕುಗಳು ಕಡೆಗಣಿಸಿದ ಬಡಾವಣೆಗಳು’ ಎಂದೂ ಇದೆ. ಎರಡನೆಯದು ಉದ್ದವಾಯಿತು, ತಲೆಬರಹಕ್ಕೆ ಒಗ್ಗದು. ಆದರೆ ಕಡೆಗಣಿಸಿದವರು ಯಾರೆಂಬುದು ಅಲ್ಲಿ ಮುಚ್ಚಿಹೋಗುವುದಿಲ್ಲ. ಇದಕ್ಕಿಂತ ಚಿಕ್ಕದಾದ, ಕರ್ತೃವನ್ನು ಬಿಟ್ಟುಕೊಡದ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ಇನ್ನೊಂದು ಚಿಕ್ಕ ಪ್ರಶ್ನೆ. ‘ಪೆನಿ ಸೇವಿಂಗ್ಸ್’ಗೆ ‘ಪಿಗ್ಮಿ’ ಎಂದುಬಿಡಿ, ಕರಾವಳಿಯಿಂದ ಬೀದರಿನವರೆಗೆ ಎಲ್ಲರಿಗೂ ತಿಳಿಯುತ್ತದೆ ಎಂದು ಸಂಪಾದಕರು ಹೇಳುತ್ತಾರೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಿಂದ ಆರಂಭಿಸಿದ ಪಿಗ್ಮಿ ಮನೆಬಾಗಿಲಿಗೆ ಬಂದು ವಸೂಲು ಮಾಡುವ ಪದ್ಧತಿಯದು, ರಿಚ್ಮಂಡಿನದು ಹಾಗಲ್ಲ. ಮೇಲಾಗಿ ಆ ಪದ ಆಫ್ರಿಕದ ಕೆಲವು ಜನರನ್ನು ಅವರ ಎತ್ತರದಿಂದ ಗುರುತಿಸಲು ಹೊರಗಿನವರು ಇಟ್ಟ ಹೆಸರಾದ್ದರಿಂದ, ಈ ಲೇಖನದಲ್ಲಂತೂ ಅದನ್ನು ಬಳಸಲು ನನಗೆ ಮನಸ್ಸಿಲ್ಲ. ‘ಪುಡಿಗಾಸಿನ ಉಳಿತಾಯ’ ಎಂದು ಬರೆದಿದ್ದೇನೆ. ಹಳೆಯ ಸಹಕಾರ ಸಂಘಗಳ ನಡಾವಳಿ ಪುಸ್ತಕಗಳಲ್ಲಿ ಇಂಥ ಠೇವಣಿಗೆ ಬೇರೆ ಹೆಸರನ್ನು ಕಂಡವರಿದ್ದರೆ, ಜಿಲ್ಲೆಯ ಹೆಸರಿನೊಂದಿಗೆ ಬರೆದು ಉಪಕರಿಸಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ.