ಸ್ಪೀಕರ್ ಅಳೆಯೋಕೆ ಯಾವ ಮೈಕ್? ಬಳಸಿದವರ ಅನುಭವ

ಕೇಳಿದ್ದು: ಆರೂವರೆ ಇಂಚಿನ ವೂಫರ್, ಒಂದು ಇಂಚಿನ ಟ್ವೀಟರ್ ಹಾಕಿ ಮನೆಯಲ್ಲೇ ಒಂದು ಜೋಡಿ ಸ್ಪೀಕರ್ ಮಾಡಿದ್ದೇನೆ. ಕ್ರಾಸ್‌ಓವರ್ (ಬಾಸ್ ಸದ್ದನ್ನು ವೂಫರ್‌ಗೆ, ಮೇಲಿನ ಸದ್ದನ್ನು ಟ್ವೀಟರ್‌ಗೆ ಹಂಚುವ ಸರ್ಕ್ಯೂಟ್) ಹೊಂದಿಸಬೇಕು. ಮನೆಯಲ್ಲಿ ಹಾಡೋ ಮೈಕ್ ಇದೆ, ಸಾಕಾ? ಕ್ಯಾಲಿಬ್ರೇಶನ್ ಹೇಗೆ ಮಾಡೋದು?

ಮೊದಲ ಉತ್ತರ: ಹಾಡೋ ಮೈಕ್ ಬೇಡ. ದನಿ ಎದ್ದು ಕೇಳಲಿ ಅಂತಲೇ ಅದರಲ್ಲಿ ಕೆಲವು ಫ್ರೀಕ್ವೆನ್ಸಿಗಳನ್ನು ಎತ್ತಿರುತ್ತಾರೆ. ಹತ್ತಿರ ಹಿಡಿದರೆ ಬಾಸ್ ಬೇರೆ ಉಬ್ಬುತ್ತದೆ. ನಿಮಗೆ ಬೇಕಾಗಿರೋದು ಎಲ್ಲ ಕಡೆಯ ಸದ್ದನ್ನೂ ಹಿಡಿಯುವ ಓಮ್ನಿ ಮೈಕ್, ಅದಕ್ಕೇ ಅಂತ ಅಳೆದು ಕೊಟ್ಟ ಕ್ಯಾಲಿಬ್ರೇಶನ್ ಫೈಲ್ (ಯಾವ ಫ್ರೀಕ್ವೆನ್ಸಿಯಲ್ಲಿ ಆ ಮೈಕ್ ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೆ ಅನ್ನೋ ಪಟ್ಟಿ) ಇರುವಂಥದ್ದು. ನನ್ನ ಹತ್ತಿರ ಮಿನಿಡಿಎಸ್‌ಪಿ ಯುಮಿಕ್-1 ಇದೆ. ಯುಎಸ್‌ಬಿ ಚುಚ್ಚಿದರೆ ಆಯಿತು. ಮೈಕಿನ ಸೀರಿಯಲ್ ನಂಬರ್ ಕೊಟ್ಟರೆ ಅದರದೇ ಫೈಲ್ ಸಿಗುತ್ತದೆ. ಅದನ್ನು ರೂಮ್ ಇಕ್ಯೂ ವಿಝರ್ಡ್‌ಗೆ ಹಾಕಬೇಕು. ಸದ್ದು ಅಳೆದು ಗ್ರಾಫ್ ತೋರಿಸುವ ಈ ಸಾಫ್ಟ್‌ವೇರ್ ಉಚಿತ.

ಒಂದು ವಿಷಯ ಮಾತ್ರ ದಯವಿಟ್ಟು ನೋಡಿಕೊಳ್ಳಿ. ಫೈಲ್ ಎರಡಿರುತ್ತವೆ. ಮೈಕನ್ನು ಸ್ಪೀಕರ್ ಕಡೆ ತಿರುಗಿಸಿ ಅಳೆಯೋಕೆ 0 ಡಿಗ್ರಿಯದು, ಸೂರಿನ ಕಡೆ ನಿಲ್ಲಿಸಿ ಅಳೆಯೋಕೆ 90 ಡಿಗ್ರಿಯದು. ನಾನು ಸ್ಪೀಕರ್ ಕಡೆ ಹಿಡಿದು 90ರ ಫೈಲ್ ಹಾಕಿದ್ದೆ. ಗ್ರಾಫಿನಲ್ಲಿ 10 ಕಿಲೋಹರ್ಟ್ಸ್ ದಾಟುತ್ತಿದ್ದಂತೆ ಗೆರೆ ಮೇಲಕ್ಕೆ ಹೋಗಿತ್ತು. ಟ್ವೀಟರ್‌ಗೆ ರೆಸಿಸ್ಟರ್ ಹಾಕಿ ಇಳಿಸಿದೆ. ಆಮೇಲೆ ಕಛೇರಿ ರೆಕಾರ್ಡಿಂಗ್ ಕೇಳಿದರೆ ತಂಬೂರಿಯ ಝೇಂಕಾರವೇ ಮಂಕು! ಎರಡು ವಾರ ಕ್ರಾಸ್‌ಓವರ್‌ನಲ್ಲೇ ತಪ್ಪು ಹುಡುಕಿದೆ.

ಎರಡನೇ ಉತ್ತರ: ಕ್ರಾಸ್‌ಓವರ್ ಕೆಲಸ ಅಂದರೆ ನಾನು ಎಕ್ಸ್‌ಎಲ್‌ಆರ್ ಮೈಕ್ (ಯುಎಸ್‌ಬಿ ಬದಲು ಮೂರು ಪಿನ್ನಿನ ಕೇಬಲ್ ಇರೋದು) ಕಡೆಗೇ ಇದ್ದೇನೆ. ಡೇಟನ್ ಇಎಂಎಂ-6 ತೆಗೆದುಕೊಳ್ಳಿ, ಅದಕ್ಕೂ ಸೀರಿಯಲ್ ಪ್ರಕಾರ ಫೈಲ್ ಇದೆ. 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ಕೇಬಲ್‌ನಲ್ಲೇ ಹೋಗುವ ವಿದ್ಯುತ್) ಕೊಡುವ ಎರಡು ಚಾನೆಲ್ ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ಬೇಕಾಗುತ್ತದೆ. ಒಂದು ಚಾನೆಲ್‌ಗೆ ಮೈಕ್, ಇನ್ನೊಂದಕ್ಕೆ ಇಂಟರ್‌ಫೇಸಿನ ಔಟ್‌ಪುಟ್‌ನಿಂದಲೇ ವಾಪಸ್ ತಂದ ಲೂಪ್‌ಬ್ಯಾಕ್ ವೈರ್. ಆಗ ಸಮಯದ ಲೆಕ್ಕ ಪಕ್ಕಾ ಸಿಗುತ್ತದೆ, ವೂಫರ್ ಮತ್ತು ಟ್ವೀಟರಿನ ಫೇಸ್ (ಎರಡರ ಅಲೆಗಳು ಒಟ್ಟಿಗೆ ಏರಿಳಿಯುತ್ತವೆಯೇ ಅನ್ನೋದು) ಹೋಲಿಸಬಹುದು.

ಮೂರನೇ ಉತ್ತರ: ನನ್ನದು ಬೆಹ್ರಿಂಗರ್ ಇಸಿಎಂ8000, ಫೈಲ್ ಇಲ್ಲದೆ ಬಂದದ್ದು. ಗೆಳೆಯನ ಕ್ಯಾಲಿಬ್ರೇಟ್ ಆದ ಮೈಕ್ ಒಂದು ದಿನಕ್ಕೆ ತಂದೆ. ಒಂದೇ ಸ್ಪೀಕರ್, ಒಂದೇ ಜಾಗ, ಮೊದಲು ಅವನದು, ಆಮೇಲೆ ನನ್ನದು. ಎರಡರ ವ್ಯತ್ಯಾಸವೇ ನನ್ನ ಕ್ಯಾಲಿಬ್ರೇಶನ್ ಫೈಲ್. ಸೂರಿನಿಂದ ದಾರ ಇಳಿಬಿಟ್ಟು, ಮೈಕಿನ ತುದಿ ದಾರದ ಗಂಟಿಗೆ ತಾಗುವ ಹಾಗೆ ನಿಲ್ಲಿಸಿ, ದಾರ ಪಕ್ಕಕ್ಕೆ ಸರಿಸಿ ಅಳೆದೆ. 10 ಕಿಲೋಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಮೂರೂವರೆ ಸೆಂಟಿಮೀಟರೂ ಇಲ್ಲ. ಅರ್ಧ ಸೆಂಟಿಮೀಟರ್ ಸರಿದರೂ ಲೆಕ್ಕ ಕೆಡಬಹುದು.

ಮತ್ತೆ ಕೇಳಿದ್ದು: 94 ಡೆಸಿಬೆಲ್ ಸದ್ದು ಕೊಡುವ ಕ್ಯಾಲಿಬ್ರೇಟರ್ ಅಂತ ಒಂದಿದೆಯಲ್ಲ, ಅದೂ ಬೇಕಾ?

ಎರಡನೆಯವರು: ಬೇಡ. ಅದು ಸದ್ದು ಎಷ್ಟು ಜೋರು ಅನ್ನೋದನ್ನು ನಿಖರವಾಗಿ ಹೇಳೋಕೆ. ನಿಮಗೆ ಬೇಕಿರೋದು ಗ್ರಾಫಿನ ಗೆರೆಯ ಆಕಾರ. ಆ ದುಡ್ಡಿಗೆ ಒಳ್ಳೆಯ ಸ್ಟ್ಯಾಂಡ್ ತನ್ನಿ. ಸ್ಪೀಕರ್, ಮೈಕ್ ಎರಡೂ ನೆಲದಿಂದ 1 ಮೀಟರ್ ಎತ್ತರ, ನಡುವೆ 1 ಮೀಟರ್ ಇರಲಿ. ನೆಲಕ್ಕೆ ಬಡಿದ ಸದ್ದು ನೇರ ಸದ್ದಿಗಿಂತ ಸುಮಾರು 3.6 ಮಿಲಿಸೆಕೆಂಡ್ ತಡವಾಗಿ ಮೈಕಿಗೆ ಬರುತ್ತದೆ. ಸಾಫ್ಟ್‌ವೇರಿನಲ್ಲಿ ಅದಕ್ಕೆ ಮೊದಲೇ ಅಳತೆ ಕತ್ತರಿಸಿ. ಹಾಗೆ ಕತ್ತರಿಸಿದರೆ ಸುಮಾರು 280 ಹರ್ಟ್ಸ್‌ಗಿಂತ ಕೆಳಗಿನದನ್ನು ನಂಬಬೇಡಿ. ಆ ಬಾಸ್ ಭಾಗಕ್ಕೆ ವಾಲ್ಯೂಮ್ ಚೆನ್ನಾಗಿ ಇಳಿಸಿ, ಮೈಕನ್ನು ವೂಫರ್ ನಡುವಿಗೆ ಅರ್ಧ ಸೆಂಟಿಮೀಟರ್ ಹತ್ತಿರ ಒಯ್ದು ಬೇರೆಯಾಗಿ ಅಳೆಯಿರಿ. ಫ್ಯಾನ್ ಆರಿಸೋದು ಮರೆಯಬೇಡಿ.